ಏಳುಕೆರೆ ಗೇಟಿನ ಚೀಟಿ

ಏಳುಕೆರೆ ಬೆಟ್ಟದ ರಾಷ್ಟ್ರೀಯ ಉದ್ಯಾನದೊಳಗೆ ನಡೆದು ಹೋಗುವವರು ಮೊದಲೇ ಗೇಟಿನ ಚೀಟಿಯಲ್ಲಿ ಹೆಸರು ಬರೆಸಬೇಕು. ವಾಪಸು ಬರುವಾಗ ಕೆರೆಗಳು ತಂಡದ ಹಿಂದೆ ಒಬ್ಬಿಬ್ಬರನ್ನು ಹೆಚ್ಚಿಗೆ ಕಳಿಸುತ್ತವೆ. ತಂಡದವರದೇ ಮುಖ, ಅವರದೇ ದನಿ. ಅದಕ್ಕೇ ಚೀಟಿಯಲ್ಲಿರುವ ಒಂದು ಹೆಸರಿಗೆ ಒಬ್ಬರನ್ನಷ್ಟೇ ಗೇಟು ದಾಟಿಸಿ ಹೊರಗೆ ಬಿಡುತ್ತಾರೆ.

ಹೋದ ವರ್ಷ ಗುಮಾಸ್ತ ರುದ್ರಯ್ಯ ಚೀಟಿ ಬರೆಯುವಾಗ ಬೋರೇಶನ ತಮ್ಮ ನಿಂಗರಾಜುವಿನ ಹೆಸರು ಬಿಟ್ಟುಬಿಟ್ಟಿದ್ದ. ತಮ್ಮ ಒಳಗೇ ಉಳಿದ.

"ಈ ಸಲ ನಾನೇ ಬರೀತೀನಿ, ಕೊಡಿ ಪೆನ್ನು," ಎಂದ ಬೋರೇಶ. ಮೊದಲ ದಿನ ಕಲ್ಲುಕೆರೆ, ಮರುದಿನ ಮೇಲಿನ ಕೆರೆ, ಮೂರನೆಯ ದಿನ ವಾಪಸು ಎಂದು ದಾರಿಯನ್ನೆಲ್ಲ ನಕ್ಷೆಯ ಮೇಲೆ ಗೀಚಿಕೊಂಡು ಬಂದಿದ್ದ. ತನ್ನ ಹೆಸರಿನ ಕೆಳಗೆ ತಮ್ಮನ ಹೆಸರು ಬರೆದ.

"ಹೋಗೋನು ಒಬ್ಬ, ಹೆಸರು ಎರಡಾ?" ಎಂದ ರುದ್ರಯ್ಯ.

"ನೀವು ಮಾಡಿದ ತಪ್ಪಿಗೆ ನಮ್ಮವ್ವ ವರ್ಷದಿಂದ ನೆಟ್ಟಗೆ ಅನ್ನ ತಿಂದಿಲ್ಲ. ಬಾಯಿ ಮುಚ್ಕೊಂಡಿರಿ."

ರುದ್ರಯ್ಯ ತಲೆ ತಗ್ಗಿಸಿದ. "ಬೇಡ ಅಂತಿಲ್ಲ ಕಣಪ್ಪ. ನಿನ್ನ ತಮ್ಮ ದಿನಾ ಬೆಳಿಗ್ಗೆ ಒಳಗಿಂದ ಗೇಟಿಗೆ ಬಂದು 'ಅಣ್ಣ ಬಂದ್ನಾ' ಅಂತ ಕೇಳ್ತಾನೆ. ಮೊದಲು ಒಬ್ನೇ ಕೇಳ್ತಿದ್ದ. ಈಗ ಐದು ಜನ ಕೇಳ್ತಾರೆ. ಯಾರನ್ನ ಕರ್ಕೊಂಡು ಹೋಗ್ತೀಯ?"

ಬೋರೇಶ ಪೆನ್ನು ಒತ್ತಿ ಹಿಡಿದು, ನಿಂಗರಾಜು ಎಂದು ಇನ್ನೂ ನಾಲ್ಕು ಸಲ ಬರೆದ.