ಮಲವಗೊಪ್ಪ ಗೇಟಿನ ಬೆಕ್ಕು

"ಕೆಂಚಿ, ಏಳೇ ಮಾರಾಯ್ತಿ, ಗಾಡಿ ಬಿಡ್ಬೇಕು," ಎಂದು ಏಕಾಂತಪ್ಪ ಬೆಕ್ಕಿಗೆ ಮತ್ತೊಮ್ಮೆ ಕೈಮುಗಿದರು. ಊಟದ ಮೇಜಿನ ತುಂಬ ಅವರು ಹಾಸಿದ್ದ ಪುಟ್ಟ ರೈಲುಹಳಿಯ ಮೇಲೆ, ರಟ್ಟಿನ ಮಲವಗೊಪ್ಪ ಗೇಟಿಗೆ ತಲೆಯಿಟ್ಟು ಕೆಂಚಿ ನಿದ್ದೆ ಹೊಡೆಯುತ್ತಿತ್ತು. ಆಟಿಕೆ ಎಂದರೆ ಏಕಾಂತಪ್ಪನವರಿಗೆ ಸಿಟ್ಟು, ಅದು ಮಾಡೆಲ್. ಅಂಗೈಯಗಲದ ಎಂಜಿನ್ ಭದ್ರಾವತಿ ಸ್ಟೇಷನ್ನಿನಲ್ಲಿ ಕಾಯುತ್ತಿತ್ತು.

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಸುಭದ್ರಮ್ಮ ತಟ್ಟೆ ಹಿಡಿದು ನಿಂತಿದ್ದರು. ಮೊಸರನ್ನ ಕಲಸಿ ಯಾವ ಕಾಲವಾಗಿತ್ತೋ! ಟೀವಿಯಲ್ಲಿ ಭಾನುವಾರದ ಸಿನಿಮಾ ಬೇರೆ ಶುರುವಾಗುವ ಹೊತ್ತು.

"ನಾನು ಗಂಟಲು ಹರ್ಕೊಂಡ್ರೂ ನಿಮ್ಮ ಗಾಡಿ ನಿಲ್ಲಲ್ಲ. ಆ ಬೆಕ್ಕು ಮಲಗಿದ್ರೆ ಮಾತ್ರ ಇಡೀ ಲೈನೇ ಬಂದ್!"

"ಎಬ್ಬಿಸಿದ್ರೆ ಸೇತುವೆ ಕಿತ್ತಾಕುತ್ತೆ ಕಣೇ. ಒಂದೇ ಒಂದು ರೌಂಡು, ಬರ್ತೀನಿ," ಎಂದರು ಏಕಾಂತಪ್ಪ, ತಿರುಗಿಯೂ ನೋಡದೆ.

ಸುಭದ್ರಮ್ಮ ದಡದಡನೆ ಬಂದು, ಸ್ಟೀಲ್ ತಟ್ಟೆಯನ್ನು ಶಿವಮೊಗ್ಗ ಸ್ಟೇಷನ್ನಿನ ಹತ್ತಿರ ಹಳಿಗಳ ಮೇಲೆಯೇ ಕುಕ್ಕಿದರು. ಮೊಸರಿನ ವಾಸನೆಗೆ ಕೆಂಚಿ ಮೈಮುರಿದು ಎದ್ದು ಅತ್ತ ನಡೆಯಿತು.

"ಲೈನ್ ಕ್ಲಿಯರ್!" ಏಕಾಂತಪ್ಪ ಖುಷಿಯಿಂದ ಗುಂಡಿ ತಿರುಗಿಸಿದರು. ಎಂಜಿನ್ ಅಲುಗಲಿಲ್ಲ. ಮತ್ತೆ ತಿರುಗಿಸಿದರು. ಕರೆಂಟಿನ ಪೆಟ್ಟಿಗೆಯ ದೀಪವೂ ಆರಿಹೋಯಿತು. ಆಗ ಅವರು ತಲೆಯೆತ್ತಿ ಹೆಂಡತಿಯನ್ನು ನೋಡಿದರು.

"ಹೋದ ವಾರ ಹಳಿ ಮೇಲೆ ಚಮಚ ಇಟ್ಟಿದ್ದಕ್ಕೆ, ಶಾರ್ಟಾಗಿ ಗಾಡಿ ನಿಲ್ಲುತ್ತೆ ಅಂತ ಕೂಗಾಡಿದ್ರಲ್ಲ," ಎಂದು ಸುಭದ್ರಮ್ಮ ಸೆರಗಿಗೆ ಕೈ ಒರೆಸಿಕೊಂಡರು. "ಅದು ನಿಮ್ಮ ಊಟ. ಕೆಂಚಿ ಏನಾದ್ರೂ ಉಳಿಸಿದ್ರೆ ತಿನ್ನಿ. ನಾನು ಸಿನಿಮಾ ನೋಡ್ತೀನಿ."