ಹರಿದ ಎಳೆ

ರೇಷ್ಮೆ ಎಳೆ ಮತ್ತೆ ಹರಿದು ಚರಕ ನಿಂತಿತು. ಉಯ್ಯಂಬಳ್ಳಿಯ ತವರಿನಲ್ಲಿ ಕಳೆ ಕಿತ್ತು ಬಿರುಕುಬಿಟ್ಟಿದ್ದ ಬೆರಳುಗಳನ್ನು ಸರಸಮ್ಮ ಸೆರಗಿನಲ್ಲಿ ಮುಚ್ಚಿಕೊಂಡಳು. ಗೂಡು ಬೇಯಿಸುವ ಒಲೆ ನೋಡಬೇಕಿದ್ದ ಅತ್ತೆ ದಾಸಮ್ಮ ಬೆಳಗಿನಿಂದ ಆ ಬೆರಳುಗಳನ್ನೇ ನೋಡುತ್ತಿದ್ದಳು.

“ಒರಟು ಕೈಗೆ ಎಳೆ ತಗಲಾಕ್ಕತದೆ ಅಂತ ಏಳಲಿಲ್ವಾ? ಎದ್ದೇಳು, ನಾಳೆಯಿಂದ ಸೊಪ್ಪು ಕುಯ್ಯಕ್ಕೇ ಓಗು,” ಎನ್ನುತ್ತಾ ದಾಸಮ್ಮ ತಾನೇ ಒಲೆ ಮೇಲಿನ ಬಾಂಡ್ಲಿಯ ನೀರಿಗೆ ಕೈಹಾಕಿ ಗೂಡಿನ ಎಳೆ ಹಿಡಿದೆಳೆದಳು. ಅವಳ ನುಣುಪಾದ ಬೆರಳಿನಲ್ಲೂ ಅದು ಪಟ್ಟನೆ ಹರಿಯಿತು. ಕೈ ನೀರಿನಲ್ಲೇ ಉಳಿಯಿತು. ಸುಡಬೇಕಿದ್ದ ನೀರು ಸುಡಲೇ ಇಲ್ಲ.

“ನೀರು ಆರೋಗೈತೆ ಕಣವ್ವ, ಗೂಡಿನ ಅಂಟು ಬುಡ್ತಿಲ್ಲ. ತಪ್ಪು ನಿನ್ನ ಕೈದಲ್ಲ, ನನ್ನ ಒಲೇದು.”

ಸೌದೆ ಹೊತ್ತಿ ನೀರು ಕಾಯಿತು. ಸರಸಮ್ಮನ ಒರಟು ಬೆರಳುಗಳ ನಡುವೆ ಎಳೆ ಸರಾಗವಾಗಿ ಜಾರಿತು. ದಾಸಮ್ಮ ಆ ಬೆರಳುಗಳಿಗೆ ಬೆನ್ನು ಹಾಕಿ, ಒಲೆಯ ಕಡೆ ತಿರುಗಿ ಕೂತಳು.