ಸಂಕಷ್ಟಿಯ ಗರಿಕೆ

ಮನೆ ಮುಂದೆ ಲಾನ್ ಮಾಡಿಸುವಾಗ ನರ್ಸರಿಯವರು ಬಗೆಬಗೆಯ ಹುಲ್ಲು ತೋರಿಸಿದ್ದರು. ಗಂಡ ಯಾವುದಕ್ಕೂ ಒಪ್ಪಿರಲಿಲ್ಲ. "ಗರಿಕೇನೇ ಹಾಕೋಣ ಕಣೇ. ತುಳಿದ್ರೂ ಸಾಯಲ್ಲ, ಒಣಗಿದ್ರೂ ಸಾಯಲ್ಲ" ಎಂದಿದ್ದರು.

ಆಮೇಲೆ ಸಂಕಷ್ಟಿ ಬಂತೆಂದರೆ ಬೀದಿಯ ಹೆಂಗಸರೆಲ್ಲ ಗಣಪತಿಗೆ ಗರಿಕೆ ಕೀಳಲು ಇವರ ಅಂಗಳಕ್ಕೇ ಬರುತ್ತಿದ್ದರು. ಅತ್ತೆ ತೀರಿಕೊಂಡಾಗ ಮಾತ್ರ, ಸೂತಕದ ಮನೆಯದು ದೇವರಿಗೆ ಆಗದೆಂದು ಯಾರೂ ಕೈ ಹಾಕಿರಲಿಲ್ಲ.

ಇವತ್ತು ಸಂಕಷ್ಟಿ. ಗಂಡ ಆಸ್ಪತ್ರೆಯಲ್ಲಿದ್ದರೂ ಅವಳು ಬೆಳಗ್ಗೆಯೇ ಕಳೆ ಕಿತ್ತು ಹುಲ್ಲಿಗೆ ನೀರು ಬಿಡುತ್ತಿದ್ದಳು. ಆಸ್ಪತ್ರೆಯಲ್ಲಿ ಅಣ್ಣನ ಜೊತೆಗಿದ್ದ ಮೈದುನ ಬಂದ. ಗೇಟಿನ ಹೊರಗೆ ಪಕ್ಕದ ಮನೆಯಾಕೆಯೊಡನೆ ಏನೋ ಮಾತಾಡಿ ಒಳಬಂದ.

"ನಿಮ್ಮಣ್ಣ ಹೇಗಿದಾರೆ?"

"ಮಲಗಿದಾನೆ ಅತ್ತಿಗೆ. ನೀವು ಮೊದಲು ಏನಾದ್ರೂ ತಿನ್ನಿ."

"ಇವತ್ತು ಉಪವಾಸ ಅಲ್ವೇನಪ್ಪಾ?"

"ಪರವಾಗಿಲ್ಲ, ತಿನ್ನಿ" ಎಂದು ಅವನು ಮನೆಯೊಳಗೆ ಹೋದ.

ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯಾಕೆ ಮಾರ್ಕೆಟ್ಟಿನಿಂದ ಬಂದಳು. ಚೀಲದ ಬಾಯಲ್ಲಿ ಗರಿಕೆಯ ಕಟ್ಟು ಕಾಣುತ್ತಿತ್ತು.

"ಗರಿಕೆ ಕೊಂಡ್ಕೊಂಡು ಬಂದ್ರಾ? ಇಲ್ಲೇ ಇಷ್ಟೊಂದು ಇದೆಯಲ್ರೀ!"

"ಇರ್ಲಿ ಬಿಡಿ, ಇವತ್ತೊಂದಿನ" ಎಂದ ಆಕೆ ಇವಳ ಮುಖ ನೋಡದೆ ಬಾಗಿಲು ಹಾಕಿಕೊಂಡಳು.

ಅವಳು ಹುಲ್ಲನ್ನು ನೋಡುತ್ತ ನಿಂತಳು. ನಲ್ಲಿ ನಿಲ್ಲಿಸಿದಳು. ಪೈಪು ಸುತ್ತಿ ಮೊಳೆಗೆ ತೂಗುಹಾಕಿದಳು. ಕೈ ತೊಳೆದು ಒಳಬಂದು ಮೈದುನನ ಎದುರು ಕೂತಳು.

"ನಿಮ್ಮಣ್ಣ ಎಷ್ಟು ಹೊತ್ತಿಗೆ ಹೋದ್ರು?"